ಮನೆಯಲ್ಲಿ ಆಡದ ಮಾತು

ಓದತಕ್ಕ ವೇದಭಾಗ: ೨ ಸಮುವೇಲ, ೧೩ನೆಯ ಅಧ್ಯಾಯ



ಸತ್ಯವೇದದಲ್ಲಿ ಕೆಲವು ಅಧ್ಯಾಯಗಳುಂಟು. ಅವುಗಳನ್ನು ನಾವು ಮನೆಯ ಪ್ರಾರ್ಥನೆಯಲ್ಲಿ ಓದುವದಿಲ್ಲ. ಓದುತ್ತಾ ಓದುತ್ತಾ ಅಲ್ಲಿಗೆ ಬಂದಾಗ ಪುಟವನ್ನು ತಿರುವಿ ಮುಂದಕ್ಕೆ ಹೋಗುತ್ತೇವೆ. ಮಕ್ಕಳು ಕುಳಿತಿದ್ದಾರಲ್ಲಾ ಎಂಬದೇ ನಮ್ಮ ಅಂಜಿಕೆ. ಈ ತಿಂಗಳು ನಾವು ಓದಬೇಕೆಂದು ಕೇಳುವ ಅಧ್ಯಾಯವು ಅಂಥದ್ದೇ. ಇದು ದಾವೀದನ ಮಗಳಾದ ತಾಮಾರಳ ವೃತ್ತಾಂತ. ದೇವರು ಇದನ್ನು ತನ್ನ ಗ್ರಂಥದೊಳಗಿಂದ ತೆಗೆದುಹಾಕಲಿಲ್ಲ. ಅರಸನ ಮನೆಯ ಮರ್ಯಾದೆ ಹೋದೀತೆಂದು ಅದನ್ನು ಮುಚ್ಚಲೂ ಇಲ್ಲ. ಆತನು ಬರೆಯಿಸಿದ್ದನ್ನು ನಾವು ತಿರುವಿಹಾಕುವದು ಸರಿಯೋ ಎಂದು ಮೊದಲು ವಿಚಾರಿಸೋಣ.

ವೃತ್ತಾಂತವು ಹೀಗಿದೆ. ದಾವೀದನ ಹಿರಿಯ ಮಗನಾದ ಅಮ್ನೋನನು ತನ್ನ ಮಲತಂಗಿಯಾದ ತಾಮಾರಳ ಮೇಲೆ ಕೆಟ್ಟ ಕಣ್ಣಿಟ್ಟನು. ಯೋನಾದಾಬನೆಂಬ ಬಂಧುವು ಅವನಿಗೆ ಉಪಾಯವನ್ನು ಹೇಳಿಕೊಟ್ಟನು. ಅದರಂತೆ ಅವನು ರೋಗಿಯ ವೇಷ ಹಾಕಿ ಮಲಗಿ, ತಂಗಿಯ ಕೈಯಡಿಗೆ ಬೇಕೆಂದು ತಂದೆಯನ್ನು ಕೇಳಿಕೊಂಡನು. ತಂದೆಯು ಏನೂ ಸಂದೇಹಪಡದೆ ಮಗಳನ್ನು ತಾನೇ ಕಳುಹಿಸಿದನು. ಅವಳು ರೊಟ್ಟಿ ಸುಟ್ಟು ತಂದಳು. ಅವನು ಎಲ್ಲರನ್ನೂ ಹೊರಗೆ ಕಳುಹಿಸಿದನು. ಅವಳು ಬೇಡವೆಂದಳು, ಬೇಡಿಕೊಂಡಳು, ಬುದ್ಧಿಯನ್ನೂ ಹೇಳಿದಳು. ಅವನು ಕೇಳಲಿಲ್ಲ, ಬಲಾತ್ಕಾರ ಮಾಡಿದನು. ಅನಂತರ ಅವಳನ್ನು ಹೊರಗೆ ತಳ್ಳಿಸಿ ಕದಕ್ಕೆ ಅಗಳಿ ಹಾಕಿಸಿದನು. ಅವಳು ತಲೆಯ ಮೇಲೆ ಬೂದಿ ಹಾಕಿಕೊಂಡು, ಅಂಗಿಯನ್ನು ಹರಿದುಕೊಂಡು, ಕೂಗುತ್ತಾ ಬೀದಿಯಲ್ಲಿ ನಡೆದಳು. ಒಡಹುಟ್ಟಿದ ಅಣ್ಣನಾದ ಅಬ್ಷಾಲೋಮನು, ಅವನು ನಿನ್ನ ಅಣ್ಣನಲ್ಲವೋ, ಸುಮ್ಮನಿರು ಎಂದು ಅವಳನ್ನು ಸುಮ್ಮನಾಗಿಸಿದನು. ತಂದೆಯು ಕೇಳಿ ಬಹು ಕೋಪಗೊಂಡನು. ಆದರೆ ಏನೂ ಮಾಡಲಿಲ್ಲ.

ಪ್ರಿಯರೇ, ಈ ಕಥೆಯು ಯೆರೂಸಲೇಮಿನಲ್ಲಿ ಮಾತ್ರ ನಡೆದದ್ದೆಂದು ನೆನಸಬೇಡಿರಿ. ಕೆಡಕು ಮಾಡಿದವನು ಪರದೇಶಿಯಲ್ಲ, ಮನೆಯವನೇ. ನಡೆದದ್ದು ಕಾಡಿನಲ್ಲಲ್ಲ, ನೆಂಟನ ಮನೆಯಲ್ಲಿಯೇ. ಹುಡುಗಿಯು ಹೇಳದೆ ತಿರುಗಿದವಳಲ್ಲ, ತಂದೆಯ ಮಾತು ಕೇಳಿ ಹೋದವಳು. ಅವಳು ಬಾಯಿಮುಚ್ಚಿಕೊಂಡವಳಲ್ಲ, ಕೂಗಿದವಳು. ಅವಳ ಬಾಯಿ ಮುಚ್ಚಿಸಿದವರು ಅವಳ ಸ್ವಂತ ಜನರು. ಈ ನಾಲ್ಕು ಸಂಗತಿಗಳನ್ನು ಮನಸ್ಸಿನಲ್ಲಿಟ್ಟು ನಮ್ಮ ಮನೆಗಳ ಕಡೆಗೆ ತಿರುಗೋಣ.

ಮೊದಲನೆಯದಾಗಿ, ಅಪಾಯವು ಎಲ್ಲಿಂದ ಬರುತ್ತದೆಂದು ತಿಳಿಯತಕ್ಕದ್ದು.

ಊರ ಹೊರಗಿನ ಕಳ್ಳನು ಬಂದಾನು, ಚೀಲದಲ್ಲಿ ಹಾಕಿಕೊಂಡು ಹೋದಾನು ಎಂದು ನಾವು ಮಕ್ಕಳನ್ನು ಹೆದರಿಸುತ್ತೇವೆ. ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ೨೦೦೭ರಲ್ಲಿ ಒಂದು ದೊಡ್ಡ ಅಧ್ಯಯನವನ್ನು ಪ್ರಕಟಿಸಿತು. ೧೩ ರಾಜ್ಯಗಳಲ್ಲಿ ೧೨,೪೪೭ ಮಕ್ಕಳನ್ನು ವಿಚಾರಿಸಿದಾಗ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳವನ್ನು ಅನುಭವಿಸಿದ್ದೇವೆಂದು ಹೇಳಿದರು. ಹಾಗೆ ಹೇಳಿದವರಲ್ಲಿ ಗಂಡುಮಕ್ಕಳು ಹೆಣ್ಣುಮಕ್ಕಳಿಗಿಂತ ಕಡಿಮೆಯಾಗಿರಲಿಲ್ಲ. ಕೆಡಕು ಮಾಡಿದವರಲ್ಲಿ ಸುಮಾರು ಅರ್ಧ ಜನರು ಮಗುವಿಗೆ ಗುರುತಿದ್ದವರು, ಇಲ್ಲವೆ ಮಗುವು ನಂಬಿದ ಸ್ಥಾನದಲ್ಲಿದ್ದವರು. ಹೆಚ್ಚಿನ ಮಕ್ಕಳು ಈ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ತಾಮಾರಳ ಕಥೆಯಲ್ಲಿ ಕಂಡದ್ದೇ ಈ ಲೆಕ್ಕದಲ್ಲಿಯೂ ಕಾಣುತ್ತದೆ.

ಹೀಗಿರಲಾಗಿ, ಪರಕೀಯನಿಗೆ ಅಂಜು ಎಂದು ಮಾತ್ರ ಕಲಿಸಿದ ಮಗುವು, ಕಾಕನೋ ಮಾವನೋ ನೆರೆಮನೆಯ ಅಣ್ಣನೋ ಪಾಠ ಹೇಳುವವನೋ ಕೈಮಾಡಿದಾಗ ಏನು ಮಾಡಬೇಕೆಂದು ತಿಳಿಯದೆ ನಿಲ್ಲುತ್ತದೆ. ಹಿರಿಯರು ಹೇಳಿದ್ದನ್ನು ಕೇಳಬೇಕೆಂದು ನಾವೇ ಕಲಿಸಿದ್ದೇವಲ್ಲಾ! ಇನ್ನೊಂದು ಮಾತನ್ನು ಮುಚ್ಚದೆ ಹೇಳುತ್ತೇವೆ. ಸಭಾಪಾಲಕನಾಗಲಿ, ಉಪದೇಶಿಯಾಗಲಿ, ಭಾನುವಾರದ ಶಾಲೆಯ ಬೋಧಕನಾಗಲಿ, ವಸತಿಗೃಹದ ಮೇಲ್ವಿಚಾರಕನಾಗಲಿ ಈ ಎಚ್ಚರಿಕೆಗೆ ಹೊರತಾದವನಲ್ಲ. ನಮ್ಮನ್ನೂ ಇದೇ ಅಳತೆಯಿಂದ ಅಳೆಯಿರಿ. ದೇವರ ಹೆಸರು ಬಾಯಲ್ಲಿದ್ದ ಮಾತ್ರಕ್ಕೆ ಮಗುವನ್ನು ಒಬ್ಬಂಟಿಯಾಗಿ ಯಾರ ಕೈಗೂ ಒಪ್ಪಿಸಬೇಡಿರಿ.

ಎರಡನೆಯದಾಗಿ, ಶರೀರದ ವಿಷಯವನ್ನು ತಾಯಿತಂದೆಗಳೇ ಹೇಳತಕ್ಕದ್ದು.

ಇಸ್ರಾಯೇಲ್ಯರ ತಂದೆಗಳು ದೇವರ ಮಾತುಗಳನ್ನು ಮನೆಯಲ್ಲಿ ಕೂತಾಗಲೂ ದಾರಿಯಲ್ಲಿ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ಮಕ್ಕಳಿಗೆ ತಿಳಿಸಬೇಕೆಂದು ಮೋಶೆಯು ಧರ್ಮೋಪದೇಶಕಾಂಡದಲ್ಲಿ ವಿಧಿಸಿದನು. ಶರೀರವೂ ದೇವರ ಕೆಲಸವೇ. ಅದು ಪವಿತ್ರಾತ್ಮನ ಗುಡಿಯೆಂದು ಪೌಲನು ಕೊರಿಂಥದ ಸಭೆಗೆ ತಿಳಿಸಿದನು. ಗುಡಿಯ ಬಾಗಿಲು ಯಾವದು, ಒಳಗೆ ಯಾರು ಬರಬಹುದು, ಯಾರು ಬರಬಾರದು ಎಂಬದನ್ನು ಗುಡಿಯಲ್ಲಿ ಇರುವ ಮಗುವಿಗೆ ಹೇಳದೆ ಬಿಡುವದು ಎಂಥ ನ್ಯಾಯ?

ಕೆಲವರು ಹೀಗೆ ಅನ್ನುವರು: ಇಂಥದ್ದನ್ನು ಹೇಳಿದರೆ ಮಕ್ಕಳು ಕೆಟ್ಟುಹೋಗುವರು, ತಿಳಿಯದೆ ಇದ್ದದ್ದನ್ನು ನಾವೇ ತಿಳಿಸಿದ ಹಾಗಾಗುವದು. ಬಾಗಲಕೋಟೆಯವರಿಗೆ ನಾವು ಒಂದು ಪ್ರಶ್ನೆ ಕೇಳುತ್ತೇವೆ. ಆಲಮಟ್ಟಿಯ ಹಿನ್ನೀರು ಏರಿ ಹಳೆಯ ಊರಿನ ಓಣಿಗಳನ್ನು ಮುಟ್ಟಿದ್ದನ್ನು ನೀವು ಕಂಡಿದ್ದೀರಿ. ನೀರಿನ ಆಳವನ್ನು ಹೇಳಿದರೆ ಮಗನು ಹೋಗಿ ಧುಮುಕಿಯಾನು ಎಂದು ಯಾವ ತಂದೆಯಾದರೂ ಬಾಯಿ ಮುಚ್ಚಿಕೊಂಡು ಕೂತನೋ? ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ ಆಡುವ ಮಕ್ಕಳಿಗೆ ಪಾಚಿಗಟ್ಟಿದ ಮೆಟ್ಟಿಲು ಜಾರುತ್ತದೆಂದು ಯಾವ ತಾಯಿಯಾದರೂ ಹೇಳದೆ ಬಿಟ್ಟಳೋ? ಅಪಾಯ ಎಲ್ಲಿದೆಯೆಂದು ತಿಳಿದ ಮಗುವೇ ಕಾಲನ್ನು ಹಿಂದೆಗೆಯುತ್ತದೆ. ಇದು ನಮ್ಮ ಊಹೆ ಮಾತ್ರವಲ್ಲ. ಯುನೆಸ್ಕೋ ಸಂಸ್ಥೆಯು ೨೦೧೮ರಲ್ಲಿ ಹೊರಡಿಸಿದ ಮಾರ್ಗದರ್ಶಿಯು ಅನೇಕ ದೇಶಗಳ ಪರಿಶೋಧನೆಗಳನ್ನು ಒಟ್ಟುಗೂಡಿಸಿ, ಇಂಥ ಶಿಕ್ಷಣದಿಂದ ಮಕ್ಕಳು ಬೇಗ ದಾರಿತಪ್ಪುವದಿಲ್ಲವೆಂದು ತಿಳಿಸಿದೆ.

ಶಾಲೆಯವರು ಹೇಳಿಯಾರು ಎಂದು ಬಿಡುವವರೂ ಉಂಟು. ಪ್ರಾಯಕ್ಕೆ ಬರುವ ಮಕ್ಕಳ ಶಿಕ್ಷಣಕ್ಕಾಗಿ ಕೇಂದ್ರ ಸರಕಾರವು ತಂದ ಕಾರ್ಯಕ್ರಮವನ್ನು ೨೦೦೭ರಲ್ಲಿ ಹಲವು ರಾಜ್ಯಗಳು ತಡೆದವು. ನಮ್ಮ ಕರ್ನಾಟಕವೂ ಅವುಗಳಲ್ಲಿ ಒಂದಾಗಿತ್ತು. ಹಿರಿಯರು ವಾದಿಸುತ್ತಿರುವಷ್ಟರಲ್ಲಿ ಮಕ್ಕಳು ಬೆಳೆದರು. ಶಾಲೆ ಹೇಳದ್ದನ್ನು, ಮನೆ ಹೇಳದ್ದನ್ನು ಬೇರೆಯವರಿಂದ ಕಲಿತರು. ಇಂದು ಆ ಬೇರೆಯವನು ಅಂಗೈಯಲ್ಲಿಯೇ ಇದ್ದಾನೆ. ಮೊಬೈಲು ಇಲ್ಲದ ಮನೆ ಹಳ್ಳಿಯಲ್ಲಿಯೂ ಅಪರೂಪ. ಹತ್ತು ವರುಷದ ಹುಡುಗನು ತಾಯಿಯ ಬಾಯಿಂದ ಕೇಳದ್ದನ್ನು ಆ ಗಾಜಿನೊಳಗೆ ಅತಿ ಹೊಲಸಾದ ರೂಪದಲ್ಲಿ ನೋಡುತ್ತಾನೆ. ನೀವು ಹೇಳಬೇಕೋ ಬೇಡವೋ ಎಂಬದು ಇನ್ನು ಪ್ರಶ್ನೆಯಲ್ಲ. ಮೊದಲು ಹೇಳುವವರು ಯಾರೆಂಬದೇ ಪ್ರಶ್ನೆ.

ಹಾಗಾದರೆ ಹೇಗೆ ಹೇಳಬೇಕು? ಇಳಕಲ್ಲಿನ ನೇಕಾರರು ಇದನ್ನು ಬಲ್ಲರು. ಅಲ್ಲಿಯ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದೊಂದು ಎಳೆಗೂ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಒಂದೇ ಗಂಟಿನಲ್ಲಿ ಆ ಕೆಲಸ ಮುಗಿಯುವದಿಲ್ಲ. ಹಾಗೆಯೇ ಮಗನನ್ನು ಒಂದು ಸಂಜೆ ಮುಂದೆ ಕೂರಿಸಿ ಎಲ್ಲವನ್ನೂ ಒಮ್ಮೆಗೇ ಉಪದೇಶಿಸಿ ಎದ್ದುಹೋದರೆ ಪ್ರಯೋಜನವಿಲ್ಲ. ವಯಸ್ಸಿಗೆ ತಕ್ಕಷ್ಟು, ಕೇಳಿದಷ್ಟು, ಸತ್ಯವಾದದ್ದನ್ನು, ಸಣ್ಣ ಸಣ್ಣ ಮಾತುಗಳಲ್ಲಿ ಎಳೆ ಎಳೆಯಾಗಿ ಕೂಡಿಸಬೇಕು.

ಮೂರು ನಾಲ್ಕು ವರುಷದ ಕೂಸಿಗೆ ಎರೆಯುವಾಗಲೇ ಕಣ್ಣು, ಮೂಗು, ಕೈ ಎಂದು ಹೆಸರು ಹೇಳಿಕೊಡುತ್ತೇವೆ. ಮೂತ್ರ ಮಾಡುವ ಅಂಗಕ್ಕೂ ಹಿಂಭಾಗಕ್ಕೂ ನಿಮ್ಮ ಮನೆಯಲ್ಲಿ ಮರ್ಯಾದೆಯಿಂದ ಆಡುವ ಹೆಸರನ್ನು ಅದೇ ಧ್ವನಿಯಲ್ಲಿ ಹೇಳಿಕೊಡಿರಿ. ಹೆಸರಿಲ್ಲದ ಅಂಗಕ್ಕೆ ನೋವಾದರೆ ಮಗುವು ಹೇಗೆ ಹೇಳೀತು? ಬಟ್ಟೆಯು ಮುಚ್ಚುವ ಈ ಭಾಗಗಳು ನಿನ್ನವು. ಎರೆಯುವಾಗ ಅವ್ವ ತೊಳೆಯುತ್ತಾಳೆ, ಬೇನೆ ಬಂದಾಗ ಅವ್ವನ ಮುಂದೆ ವೈದ್ಯರು ನೋಡುತ್ತಾರೆ, ಮತ್ತಾರೂ ಮುಟ್ಟಬಾರದು, ನೋಡಬಾರದು, ತಮ್ಮದನ್ನು ಮುಟ್ಟೆಂದು ನಿನಗೆ ಹೇಳಲೂಬಾರದು ಎಂದು ತಿಳಿಸಿರಿ.

ತಮ್ಮನು ಹುಟ್ಟಿದಾಗ ಹುಡುಗಿಯು ಕೇಳುತ್ತಾಳೆ: “ಅವ್ವಾ, ತಮ್ಮ ಎಲ್ಲಿಂದ ಬಂದ?” ತಿಪ್ಪೆಯಲ್ಲಿ ಸಿಕ್ಕನು, ಜೋಳ ಕೊಟ್ಟು ಕೊಂಡೆವು ಎಂದು ಹೇಳಿ ನಗುವದು ನಮ್ಮ ಕಡೆಯ ರೂಢಿ. ಸುಳ್ಳನ್ನು ಕೇಳಿದ ಮಗುವು ಕೆಲವು ವರುಷಗಳಲ್ಲಿ ಅದು ಸುಳ್ಳೆಂದು ತಿಳಿಯುತ್ತದೆ. ಆ ಮೇಲೆ ಆ ವಿಷಯದಲ್ಲಿ ಅವ್ವನನ್ನು ಕೇಳುವದೇ ಇಲ್ಲ. “ನನ್ನ ಹೊಟ್ಟ್ಯಾಗ ಒಂಬತ್ತು ತಿಂಗಳ ಬೆಳದು ಬಂದಾನವ್ವಾ, ನೀನೂ ಹಂಗ ಬಂದಿ” ಎಂದರೆ ಸಾಕು. ಅಷ್ಟಕ್ಕೇ ಅವಳು ತೃಪ್ತಳಾಗಿ ಆಡಲು ಓಡುವಳು. ಮುಂದಿನ ಪ್ರಶ್ನೆಯು ಹುಟ್ಟಿದಾಗ ಮತ್ತೆ ನಿಮ್ಮ ಬಳಿಗೇ ಬರುವಳು.

ಒಂಬತ್ತು ಹತ್ತು ವರುಷವಾದ ಮೇಲೆ ಮುಂದೆ ಬರುವ ಬದಲಾವಣೆಗಳನ್ನು ಬರುವದಕ್ಕೆ ಮುಂಚೆ ತಿಳಿಸತಕ್ಕದ್ದು. ನಮ್ಮ ಸೀಮೆಯಲ್ಲಿ ಹುಡುಗಿಯು ದೊಡ್ಡವಳಾದರೆ ಹೊಸ ಸೀರೆ ಉಡಿಸಿ, ಉಡಿ ತುಂಬಿ, ಆರತಿ ಮಾಡಿ, ಓಣಿಗೆಲ್ಲಾ ತಿಳಿಸುವ ಮನೆಗಳುಂಟು. ಓಣಿಗೆ ತಿಳಿದದ್ದು ಹುಡುಗಿಗೆ ಮಾತ್ರ ತಿಳಿದಿರುವದಿಲ್ಲ! ರಕ್ತವನ್ನು ಕಂಡು ತಾನು ಸಾಯುವೆನೆಂದು ಅಳುವ ಹುಡುಗಿಯರು ಇನ್ನೂ ಇದ್ದಾರೆ. ಮುಟ್ಟು ರೋಗವಲ್ಲ, ಶಾಪವಲ್ಲ, ಮೈಲಿಗೆಯಲ್ಲ. ಗರ್ಭಕೋಶವು ತಿಂಗಳಿಗೊಮ್ಮೆ ತನ್ನ ಒಳಪದರವನ್ನು ಬಿಡುವದು ಸೃಷ್ಟಿಯ ಕ್ರಮ. ಬಟ್ಟೆಯನ್ನು ಉಪಯೋಗಿಸಿದರೆ ಒಗೆದು ಬಿಸಿಲಿನಲ್ಲಿ ಒಣಗಿಸಬೇಕೆಂದೂ, ಸರಕಾರವು ಶಾಲೆಯ ಹುಡುಗಿಯರಿಗೆ ಶುಚಿ ಎಂಬ ಯೋಜನೆಯನ್ನು ಮಾಡಿದೆಯೆಂದೂ, ಮುಟ್ಟಾದಳೆಂದು ಶಾಲೆ ಬಿಡತಕ್ಕದ್ದಲ್ಲವೆಂದೂ ತಿಳಿಸಿರಿ. ಗಂಡುಮಕ್ಕಳನ್ನು ಕೂರಿಸಿಕೊಂಡು ತಂದೆಯು ಮಾತಾಡಲಿ: ಧ್ವನಿ ಒಡೆಯುವದು, ಮೀಸೆ ಮೂಡುವದು, ನಿದ್ರೆಯಲ್ಲಿ ಸ್ಖಲನವಾಗುವದು ಇವೆಲ್ಲ ಸಹಜವಾದವುಗಳು, ಇದರಿಂದ ಬಲ ಕುಂದುವದೆಂದು ಜಾತ್ರೆಯಲ್ಲಿ ಔಷಧ ಮಾರುವವರು ಹೇಳುವದು ಸುಳ್ಳು. ತಾಯಿತಂದೆಗಳಿಗೆ ಬಾಯಿ ಬಾರದಿದ್ದರೆ ಆಶಾ ಕಾರ್ಯಕರ್ತೆಯನ್ನಾಗಲಿ, ಸರಕಾರಿ ಆಸ್ಪತ್ರೆಯಲ್ಲಿ ಪ್ರಾಯದ ಮಕ್ಕಳಿಗಾಗಿ ಇರುವ ಸ್ನೇಹಾ ಕ್ಲಿನಿಕ್ಕಿನವರನ್ನಾಗಲಿ ಸಹಾಯ ಕೇಳುವದರಲ್ಲಿ ನಾಚಿಕೆಯಿಲ್ಲ.

ಮೂರನೆಯದಾಗಿ, ಮಗುವಿನ ಕೈಗೆ ಕೆಲವು ಆಯುಧಗಳನ್ನು ಕೊಡತಕ್ಕದ್ದು.

ಅವುಗಳಲ್ಲಿ ಮೊದಲನೆಯದು, ಬೇಡ ಎಂಬ ಮಾತು. ಮನಸ್ಸಿಲ್ಲದ ಮಗುವನ್ನು ಹಿಡಿದೆಳೆದು, ಮಾವನಿಗೆ ಮುದ್ದು ಕೊಡು, ಅಜ್ಜನ ತೊಡೆಯ ಮೇಲೆ ಕೂಡು ಎಂದು ಬಲವಂತಪಡಿಸಬೇಡಿರಿ. ಕೈಮುಗಿದು ನಮಸ್ಕಾರ ಮಾಡಿದರೆ ಮರ್ಯಾದೆಗೆ ಕೊರತೆಯಿಲ್ಲ. ಇಂದು ಬೇಡವೆನ್ನಲು ಬಿಡದ ಮಗುವು ನಾಳೆ ಅಪಾಯದಲ್ಲಿ ಬೇಡವೆಂದು ಹೇಗೆ ಅಂದೀತು? ಎರಡನೆಯದು, ಓಡಿಹೋಗುವ ಬುದ್ಧಿ. ಪೋಟೀಫರನ ಮನೆಯಲ್ಲಿ ಯೋಸೇಫನು ವಾದಿಸುತ್ತಾ ನಿಲ್ಲದೆ, ಹಿಡಿದ ಬಟ್ಟೆಯನ್ನು ಅಲ್ಲಿಯೇ ಬಿಟ್ಟು ಓಡಿದನು. ಬಟ್ಟೆ ಹೋಗಲಿ, ಪುಸ್ತಕ ಹೋಗಲಿ, ಜನರಿರುವ ಕಡೆಗೆ ಓಡು, ಕೂಗು ಎಂದು ಕಲಿಸಿರಿ. ಓಡಲಾರದೆ ಬೆದರಿ ನಿಂತರೂ ತಪ್ಪು ಮಗುವಿನದಲ್ಲವೆಂಬದನ್ನು ಸಹ ಹೇಳಿರಿ; ತಾಮಾರಳು ಎಲ್ಲವನ್ನೂ ಮಾಡಿದರೂ ತಪ್ಪಿಸಿಕೊಳ್ಳಲಾರದೆ ಹೋದಳಲ್ಲಾ. ಮೂರನೆಯದು, ಗುಟ್ಟಿಲ್ಲದ ಮನಸ್ಸು. ಅವ್ವನಿಗೆ ಹೇಳಬೇಡ, ಇದು ನಮ್ಮಿಬ್ಬರ ಗುಟ್ಟು, ಹೇಳಿದರೆ ನಿನಗೇ ಹೊಡೆಯುತ್ತಾರೆ, ಇಗೋ ಮಿಠಾಯಿ ಎಂದು ಯಾವ ದೊಡ್ಡವನು ಹೇಳಿದರೂ ಅದೇ ಹೇಳತಕ್ಕ ಮಾತೆಂದು ಮಗುವಿಗೆ ತಿಳಿದಿರಲಿ. ನಾಲ್ಕನೆಯದು, ನಂಬತಕ್ಕವರ ಹೆಸರು. ಅವ್ವ ಸಿಕ್ಕದಿದ್ದರೆ ಯಾರಿಗೆ ಹೇಳುವೆ, ಅವರು ಕೇಳದಿದ್ದರೆ ಮತ್ತಾರಿಗೆ ಎಂದು ಎರಡು ಮೂರು ಹೆಸರುಗಳನ್ನು ಮಗುವಿನಿಂದಲೇ ಹೇಳಿಸಿರಿ.

ನಮ್ಮ ಊರುಗಳ ಬಾಳುವೆಯನ್ನು ನೋಡಿ ಎಚ್ಚರವನ್ನು ಹೊಂದಿಸಿಕೊಳ್ಳಬೇಕು. ಇಳಕಲ್ಲು ಗುಳೇದಗುಡ್ಡಗಳ ನೇಕಾರರ ಮನೆಯಲ್ಲಿ ಮಗ್ಗದ ಜಾಗವೂ ಬಾಳುವ ಜಾಗವೂ ಒಂದೇ. ನೂಲು ಕೊಡುವವರು, ಸೀರೆ ಒಯ್ಯುವವರು ಹಗಲೆಲ್ಲಾ ಬಂದುಹೋಗುವರು. ಹುಡುಗಿಯರು ಬಟ್ಟೆ ಬದಲಿಸಲಿಕ್ಕೆ ಒಂದು ಮರೆಯನ್ನಾದರೂ ಮಾಡಿಕೊಡಿರಿ. ಹುನಗುಂದದ ಹೊಲಗಳಲ್ಲಿಯೂ ಇಳಕಲ್ಲಿನ ಕಲ್ಲಿನ ಗಣಿಗಳಲ್ಲಿಯೂ ದುಡಿಯುವವರು ಹಗಲಲ್ಲಿ ಮಕ್ಕಳನ್ನು ಮನೆಯಲ್ಲಿ ಬಿಟ್ಟುಹೋಗುವರು. ಯಾರ ಕಣ್ಣಿನಲ್ಲಿ ಬಿಟ್ಟಿದ್ದೀರೆಂದು ಪ್ರತಿದಿನವೂ ತಿಳಿದಿರಬೇಕು. ಗೋವೆಯ ಕಡೆಗೂ ಮಂಗಳೂರ ಕಡೆಗೂ ಗುಳೆ ಹೋಗುವವರೇ, ಅಜ್ಜಿಯ ಬಳಿ ಬಿಟ್ಟ ಮಗುವಿನ ಸಂಗಡ ವಾರಕ್ಕೊಮ್ಮೆಯಾದರೂ ಅದೊಂದನ್ನೇ ಕರೆದು ಮಾತಾಡಿರಿ. ಫೋನಿನ ಬಳಿ ಬೇರೆಯವರು ನಿಂತಿರುವಾಗ ಮಗುವು ಬಾಯಿಬಿಡದು. ಬಯಲಿಗೆ ಹೋಗುವ ಹೆಣ್ಣುಮಕ್ಕಳನ್ನು ಕತ್ತಲೆಯಲ್ಲಿ ಒಬ್ಬಳನ್ನೇ ಕಳುಹಿಸುವ ಬದಲು ಮನೆಯ ಶೌಚಾಲಯವನ್ನು ಸರಿಮಾಡಿರಿ. ಕಟ್ಟಿಗೆ ಕುಳ್ಳು ತುಂಬಿಟ್ಟ ಶೌಚಾಲಯವು ಮಗಳನ್ನು ಕಾಯದು. ಬನದ ಹುಣ್ಣಿಮೆಗೆ ಬನಶಂಕರಿಯಲ್ಲಿ ಜಾತ್ರೆ ನೆರೆಯುತ್ತದೆ. ನಾಟಕ ಕಂಪನಿಗಳೂ ಅಂಗಡಿಗಳೂ ವಾರಗಟ್ಟಲೆ ಇರುತ್ತವೆ. ಜನಸಂದಣಿಯಲ್ಲಿ ತಪ್ಪಿದರೆ ಎಲ್ಲಿ ನಿಲ್ಲಬೇಕು, ಯಾರನ್ನು ಕೇಳಬೇಕೆಂದು ಹೋಗುವ ಮೊದಲೇ ಹೇಳಿರಿ. ವಸತಿಗೃಹದಲ್ಲಿ ಓದುವ ಮಕ್ಕಳು ರಜೆಗೆ ಬಂದಾಗ ಅಂಕವನ್ನು ಮಾತ್ರ ಕೇಳಬೇಡಿರಿ. ರಾತ್ರಿ ನಿದ್ರೆ ಹೇಗೆ, ಅಲ್ಲಿಗೆ ಮರಳಲು ಅಂಜಿಕೆಯುಂಟೋ ಎಂದೂ ಕೇಳಿರಿ.

ಮಗುವು ಬಾಯಿಂದ ಹೇಳದಿದ್ದರೂ ಮೈಯಿಂದ ಹೇಳೀತು. ಹಾಸಿಗೆಯಲ್ಲಿ ಮೂತ್ರ ಮಾಡುವದು ನಿಂತುಹೋಗಿದ್ದು ಮತ್ತೆ ಮೊದಲಾದರೆ, ಒಬ್ಬ ಮನುಷ್ಯನನ್ನು ಕಂಡ ಕೂಡಲೇ ಒಳಗೆ ಅಡಗಿಕೊಂಡರೆ, ಊಟ ನಿದ್ರೆ ಕೆಟ್ಟರೆ, ಚೆನ್ನಾಗಿ ಓದುತ್ತಿದ್ದವನು ಮಂಕಾದರೆ, ಯಾರೂ ಕೊಡದ ಹಣವೂ ಉಡುಗೊರೆಯೂ ಕೈಯಲ್ಲಿ ಕಂಡರೆ, ದೆವ್ವ ಬಡಿಯಿತೆಂದು ತಾಯಿತ ಕಟ್ಟಿಸುವದಕ್ಕೆ ಓಡಬೇಡಿರಿ. ಬೇರೆ ಕಾರಣಗಳೂ ಇರಬಹುದು. ಆದಾಗ್ಯೂ ಮಗುವನ್ನು ಹತ್ತಿರ ಕರೆದು ಮೆಲ್ಲಗೆ ವಿಚಾರಿಸಿರಿ.

ನಾಲ್ಕನೆಯದಾಗಿ, ಮಗುವು ಹೇಳಿದ ದಿನ ಏನು ಮಾಡತಕ್ಕದ್ದು?

ದಾವೀದನು ಕೋಪಗೊಂಡನು ಎಂದು ಬರೆದದೆ. ಕೋಪವು ಎಲ್ಲರಿಗೂ ಬರುತ್ತದೆ. ಕೋಪದಿಂದ ಮಗುವಿಗೆ ಏನಾಯಿತು? ಹುಡುಗಿಯು ಅಣ್ಣನ ಮನೆಯಲ್ಲಿ ಹಾಳಾಗಿ ಕೂತುಬಿಟ್ಟಳು. ಎರಡು ವರುಷ ಒಳಗೇ ಕುದಿದ ಅಬ್ಷಾಲೋಮನು ಕುರಿಯ ಉಣ್ಣೆ ಕತ್ತರಿಸುವ ಹಬ್ಬದಲ್ಲಿ ಅಮ್ನೋನನನ್ನು ಕೊಲ್ಲಿಸಿದನು. ಮುಂದೆ ತಂದೆಗೇ ತಿರುಗಿಬಿದ್ದು ತಾನೂ ಸತ್ತನು. ಮರ್ಯಾದೆಗೆ ಅಂಜಿ ನ್ಯಾಯವನ್ನು ಬಿಟ್ಟ ಮನೆಯು ಮರ್ಯಾದೆಯನ್ನೂ ಮಕ್ಕಳನ್ನೂ ಕಳಕೊಂಡಿತು. ಆದಕಾರಣ ಹೀಗೆ ಮಾಡಿರಿ.

ಮೊದಲು ಕೇಳಿರಿ, ನಂಬಿರಿ. ನೀನು ಅಲ್ಲಿಗೆ ಯಾಕೆ ಹೋದಿ, ಎಂಥ ಬಟ್ಟೆ ಹಾಕಿಕೊಂಡಿದ್ದಿ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಬೇಡಿರಿ. “ನೀ ಹೇಳಿದ್ದು ಛಲೋ ಆತು, ತಪ್ಪು ನಿಂದಲ್ಲ, ನಾ ನಿನ್ನ ಜೋಡಿ ಅದೀನಿ” ಎಂಬ ಮೂರು ಮಾತು ಮೊದಲು ಬರಲಿ. ನೆಂಟರೆಲ್ಲರ ಮುಂದೆ ಮತ್ತೆ ಮತ್ತೆ ಹೇಳಿಸಬೇಡಿರಿ. ಈಗಲೇ ನಡೆದ ಸಂಗತಿಯಾದರೆ ಮಗುವಿಗೆ ಎರೆಯದೆ, ಬಟ್ಟೆಯನ್ನು ಒಗೆಯದೆ, ಕಾಗದದಲ್ಲಿ ಸುತ್ತಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿರಿ. ಸರಕಾರದ್ದಾಗಲಿ ಖಾಸಗಿಯದ್ದಾಗಲಿ ಯಾವ ಆಸ್ಪತ್ರೆಯೂ ಮೊದಲ ಚಿಕಿತ್ಸೆಯನ್ನು ಹಣವಿಲ್ಲದೆ ಕೊಡಬೇಕೆಂದು ಕಾಯಿದೆಯುಂಟು. ಕೆಲವು ರೋಗಗಳನ್ನು ತಡೆಯುವ ಔಷಧವು ೭೨ ಗಂಟೆಗಳೊಳಗೆ ಕೊಟ್ಟರೇ ಫಲಿಸುವದು. ಆದ್ದರಿಂದ ಹಿರಿಯರನ್ನು ಕೂಡಿಸಿ ಆಲೋಚಿಸುತ್ತಾ ದಿನ ಕಳೆಯಬಾರದು.

ಆ ಮೇಲೆ ದೂರು ಕೊಡಿರಿ. ೧೦೯೮ ಎಂಬ ಸಂಖ್ಯೆಯು ಮಕ್ಕಳ ಸಹಾಯಕ್ಕಾಗಿಯೇ ಇದೆ; ಹಗಲು ರಾತ್ರಿ ಯಾವಾಗಲೂ ಹಣವಿಲ್ಲದೆ ಕರೆಯಬಹುದು. ತುರ್ತಿನಲ್ಲಿ ೧೧೨ಕ್ಕೆ ಕರೆಯಬಹುದು. ಜಿಲ್ಲೆಯಲ್ಲಿ ಮಕ್ಕಳ ರಕ್ಷಣಾ ಘಟಕವೂ ಮಕ್ಕಳ ಕಲ್ಯಾಣ ಸಮಿತಿಯೂ ಇವೆ. ೨೦೧೨ನೆಯ ನವೆಂಬರ ೧೪ರಿಂದ ಜಾರಿಗೆ ಬಂದ ಪೋಕ್ಸೋ ಕಾಯಿದೆಯನ್ನು ಪ್ರತಿಯೊಬ್ಬ ತಾಯಿತಂದೆಯೂ ತಿಳಿದಿರಬೇಕು. ಅದರಲ್ಲಿ ೧೮ ವರುಷದೊಳಗಿನ ಗಂಡೂ ಹೆಣ್ಣೂ ಎಲ್ಲರೂ ಮಕ್ಕಳೇ. ಇಂಥ ಅಪರಾಧ ನಡೆದದ್ದು ತಿಳಿದವರು ಪೋಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಮುಚ್ಚಿಟ್ಟರೆ ಆರು ತಿಂಗಳ ವರೆಗೆ ಸೆರೆಯಾಗಬಹುದು, ದಂಡವಾಗಬಹುದು, ಎರಡೂ ಆಗಬಹುದು. ಒಳ್ಳೇ ಮನಸ್ಸಿನಿಂದ ತಿಳಿಸಿದವನಿಗೆ ಯಾವ ಹೊಣೆಯೂ ಬರದು. ಊರ ಪಂಚರು ಕೂತು ಹಣ ಕೊಡಿಸಿ ರಾಜಿ ಮಾಡಿಸುವದಕ್ಕೂ, ಸಭೆಯ ಹಿರಿಯರು ಕೂತು ಕ್ಷಮಿಸಿಬಿಡೆಂದು ಹೇಳುವದಕ್ಕೂ ಇಲ್ಲಿ ಎಡೆಯಿಲ್ಲ. ಕ್ಷಮೆಯು ಕ್ರೈಸ್ತನ ಧರ್ಮ. ಆದರೆ ಮಗುವಿನ ಬಾಯಿ ಮುಚ್ಚಿಸಿ, ಅಪರಾಧಿಯನ್ನು ಮತ್ತೊಂದು ಮಗುವಿನ ಬಳಿಗೆ ಬಿಡುವದಕ್ಕೆ ಕ್ಷಮೆಯೆಂದು ಹೆಸರಿಡುವದು ಕರ್ತನ ಹೆಸರನ್ನು ಕೆಡಿಸಿದ ಹಾಗೆ.

ಠಾಣೆಯ ಮೆಟ್ಟಿಲೇರುವದು ಹೇಗೆಂದು ಅಂಜುವವರೇ, ಆ ಕಾಯಿದೆಯು ನಿಮ್ಮ ಅಂಜಿಕೆಯನ್ನು ತಿಳಿದೇ ಬರೆದದ್ದು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಾಗಲಿ ಅದು ಬಯಸಿದ ಸ್ಥಳದಲ್ಲಾಗಲಿ ಬರೆದುಕೊಳ್ಳಬೇಕು. ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಅವರು ಸಮವಸ್ತ್ರದಲ್ಲಿ ಬರಬಾರದು. ರಾತ್ರಿಯಲ್ಲಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳಬಾರದು. ಹುಡುಗಿಯನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ತಾಯಿತಂದೆಗಳಾಗಲಿ ಮಗುವು ನಂಬಿದವರಾಗಲಿ ಹತ್ತಿರವಿರಬಹುದು. ಸಾಕ್ಷಿ ಹೇಳುವಾಗ ಅಪರಾಧಿಯು ಮಗುವಿನ ಕಣ್ಣಿಗೆ ಬೀಳದಂತೆ ನ್ಯಾಯಾಲಯವು ನೋಡಿಕೊಳ್ಳಬೇಕು. ಮಗುವಿನ ಹೆಸರನ್ನೂ ಊರನ್ನೂ ಪತ್ರಿಕೆಯವರು ಬರೆಯಬಾರದು. ಎಲ್ಲಾ ಕಡೆಯೂ ಎಲ್ಲವೂ ಹೀಗೆಯೇ ನಡೆಯುವದೆಂದು ನಾವು ಹೇಳುವದಿಲ್ಲ. ಆದರೆ ನಿಮಗೆ ಸಲ್ಲತಕ್ಕದ್ದು ಏನೆಂದು ತಿಳಿದರೆ ಕೇಳಿ ಪಡೆಯಬಹುದು.

ಐದನೆಯದಾಗಿ, ಮದುವೆಯನ್ನು ಮುಚ್ಚಳವಾಗಿ ಉಪಯೋಗಿಸಬಾರದು.

ಮಗಳು ದೊಡ್ಡವಳಾದಳು, ಕಾಲ ಕೆಟ್ಟಿದೆ, ಬೇಗ ಒಬ್ಬನ ಕೈಗೆ ಹಾಕಿದರೆ ನಿಶ್ಚಿಂತೆ ಎಂದು ಎಣಿಸುವ ತಂದೆಗಳು ನಮ್ಮ ಜಿಲ್ಲೆಯಲ್ಲಿ ಕಡಿಮೆಯಲ್ಲ. ೨೦೧೯ರಿಂದ ೨೦೨೧ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೨೦ರಿಂದ ೨೪ ವರುಷದ ಹೆಂಗಸರೊಳಗೆ ಐವರಲ್ಲಿ ಒಬ್ಬಳಿಗಿಂತ ಹೆಚ್ಚು ಮಂದಿಗೆ ೧೮ ತುಂಬುವ ಮೊದಲೇ ಮದುವೆಯಾಗಿತ್ತು. ೨೦೦೬ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ನಮ್ಮ ರಾಜ್ಯವು ಮಾಡಿಕೊಂಡ ತಿದ್ದುಪಡಿಯ ಮೇರೆಗೆ ಇಲ್ಲಿ ಅಂಥ ಮದುವೆಯು ಮೊದಲಿಂದಲೇ ಮದುವೆಯಲ್ಲ. ಎಳೆಯ ಹುಡುಗಿಯನ್ನು ಅಪಾಯದಿಂದ ತಪ್ಪಿಸುವೆವೆಂದು ಹೇಳಿ ಅದೇ ಅಪಾಯವನ್ನು ಮೇಳದ ಸಂಗಡ ಮನೆಗೆ ಕರೆಯುವದು ರಕ್ಷಣೆಯಲ್ಲ. ಕೆಡಿಸಿದವನಿಗೇ ಕೊಟ್ಟು ಮದುವೆ ಮಾಡುವದು ಇನ್ನೂ ಘೋರವಾದದ್ದು.

ಈ ಸೀಮೆಯು ಇನ್ನೊಂದು ದುಃಖವನ್ನೂ ಬಲ್ಲದು. ಬಡವರ ಎಳೆಯ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವ ಪದ್ಧತಿಯನ್ನು ಮುಂಬಯಿ ಸರಕಾರವು ೧೯೩೪ರಲ್ಲಿಯೂ ಕರ್ನಾಟಕ ಸರಕಾರವು ೧೯೮೨ರಲ್ಲಿಯೂ ಕಾಯಿದೆಯಿಂದ ನಿಷೇಧಿಸಿದವು. ಆದರೂ ಅನಂತರ ನಡೆದ ಸರಕಾರಿ ಸಮೀಕ್ಷೆಗಳಲ್ಲಿ ರಾಜ್ಯದೊಳಗೆ ನಲವತ್ತು ಸಾವಿರಕ್ಕಿಂತ ಹೆಚ್ಚು ಹೆಂಗಸರು ಈ ಪದ್ಧತಿಗೆ ಸಿಕ್ಕಿದವರೆಂದು ಎಣಿಕೆಯಾಯಿತು. ಬಾಗಲಕೋಟೆಯೂ ಆ ಜಿಲ್ಲೆಗಳಲ್ಲಿ ಒಂದು. ಅವರಲ್ಲಿ ಬಹು ಮಂದಿಗೆ ಮುತ್ತು ಕಟ್ಟಿದ ದಿನ ಅದರ ಅರ್ಥವೇ ತಿಳಿದಿರಲಿಲ್ಲ. ಅವರ ಮಕ್ಕಳು ಇಂದು ನಮ್ಮ ಮಕ್ಕಳ ಸಂಗಡ ಶಾಲೆಯಲ್ಲಿ ಕೂತಿದ್ದಾರೆ. ತಂದೆಯ ಹೆಸರು ಕೇಳಿ ಅವರನ್ನು ನೋಯಿಸುವ ಮಾತು ನಮ್ಮ ಮನೆಯಿಂದ ಹೊರಡದಿರಲಿ. ಕಾವಲು ಕಡಿಮೆಯಿರುವ ಮಗುವಿಗೆ ನೆರೆಯವರ ಕಾವಲು ಹೆಚ್ಚಾಗಿ ಬೇಕು.

ಕಡೆಯದಾಗಿ, ಗಂಡುಮಕ್ಕಳ ತಾಯಿತಂದೆಗಳಿಗೆ ಒಂದು ಮಾತು.

ತಾಮಾರಳಿಗೆ ಬುದ್ಧಿ ಹೇಳುವವರು ಬೇಕಾಗಿರಲಿಲ್ಲ, ಅವಳಲ್ಲಿ ಬುದ್ಧಿಯಿತ್ತು. ಬುದ್ಧಿ ಬೇಕಾಗಿದ್ದವನು ಅಮ್ನೋನನು. ಮನೆಯಲ್ಲಿ ಅವನು ಕೇಳಿದ್ದೆಲ್ಲಾ ಸಿಕ್ಕುತ್ತಿತ್ತು. ಬೇಡವೆಂಬ ಮಾತಿಗೆ ಅರ್ಥವುಂಟೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ನಾವು ಮಗಳಿಗೆ ನೂರು ಎಚ್ಚರಿಕೆ ಕೊಟ್ಟು ಮಗನಿಗೆ ಒಂದನ್ನೂ ಕೊಡುವದಿಲ್ಲ. ತಂಗಿಯು ಬೇಡವೆಂದ ಕೂಡಲೇ ಕೈ ತೆಗೆಯಬೇಕೆಂದು ಸಣ್ಣವನಿದ್ದಾಗಲೇ ಕಲಿಸಿರಿ. ಹುಡುಗಿಯರ ಹಿಂದೆ ಸಿಳ್ಳು ಹಾಕುವದು ಆಟವಲ್ಲವೆಂದೂ, ಯಾರದಾದರೂ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಹಂಚುವದು ಪಾಪವೂ ಅಪರಾಧವೂ ಆಗಿದೆಯೆಂದೂ, ೧೮ ತುಂಬದ ಹುಡುಗಿಯು ಒಪ್ಪಿದಳೆಂಬ ಮಾತು ಕಾಯಿದೆಯ ಮುಂದೆ ನಿಲ್ಲದೆಂದೂ ತಂದೆಯೇ ಹೇಳಲಿ. ಗಂಡುಹೆಣ್ಣಿನ ಕೂಟವು ಹೊಲಸೆಂದು ಹೇಳಬೇಡಿರಿ. ಅದು ಮದುವೆಯಲ್ಲಿ ಪ್ರೀತಿಗೂ ಸಂತಾನಕ್ಕೂ ದೇವರು ಕೊಟ್ಟ ವರವೆಂದು ಹೇಳಿರಿ. ವರವನ್ನು ಯಾರೂ ಬಲವಂತದಿಂದ ಕಿತ್ತುಕೊಳ್ಳುವದಿಲ್ಲವಷ್ಟೆ.

ಪ್ರಿಯರೇ, ನಮ್ಮ ಕರ್ತನು ಶಿಷ್ಯರು ದೊಡ್ಡಸ್ತಿಕೆಗಾಗಿ ವಾದಿಸುತ್ತಿದ್ದಾಗ ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿದನು. ಚಿಕ್ಕವರಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲನ್ನು ಕಟ್ಟಿ ಸಮುದ್ರದಲ್ಲಿ ಹಾಕುವದು ಮೇಲೆಂಬ ಕಠಿಣವಾದ ಮಾತನ್ನು ಆತನು ಆಡಿದ್ದು ಆ ಮಗುವಿನ ಎದುರಿನಲ್ಲಿಯೇ. ನಮ್ಮ ಸಭೆಗಳಲ್ಲಿಯೂ ಮಗುವು ನಡುವೆ ನಿಲ್ಲಲಿ. ತಾಯಂದಿರ ಕೂಟದಲ್ಲಿ ಒಂದು ದಿನ ಆಶಾ ಕಾರ್ಯಕರ್ತೆಯನ್ನು ಕರೆಯಿಸಿ ಈ ವಿಷಯವನ್ನು ಕೇಳಿರಿ. ತಂದೆಗಳೂ ಒಂದು ಸಂಜೆ ಕೂಡಿರಿ. ಭಾನುವಾರದ ಶಾಲೆಯಲ್ಲಿಯೂ ಪ್ರವಾಸದಲ್ಲಿಯೂ ಒಬ್ಬ ಹಿರಿಯನೇ ಮಕ್ಕಳ ಸಂಗಡ ಮುಚ್ಚಿದ ಕೋಣೆಯಲ್ಲಿ ಇರದೆ ಇಬ್ಬರಿರಬೇಕೆಂಬ ನಿಯಮವನ್ನು ಮಾಡಿರಿ. ೧೦೯೮ ಎಂಬ ಸಂಖ್ಯೆಯನ್ನು ದೇವಾಲಯದ ಬಾಗಿಲಲ್ಲಿ ಮಕ್ಕಳ ಕಣ್ಣಿಗೆ ಎಟಕುವಷ್ಟು ಕೆಳಗೆ ದೊಡ್ಡದಾಗಿ ಬರೆದು ಅಂಟಿಸಿರಿ.

ಈ ರಾತ್ರಿ ದೀಪ ಆರಿಸುವ ಮೊದಲು ನಿಮ್ಮ ಮಗುವಿನ ಹತ್ತಿರ ಕೂತು ಒಂದೇ ಮಾತು ಕೇಳಿರಿ: ನಿನಗೆ ಅಂಜಿಕೆ ಹುಟ್ಟಿಸುವವರು ಯಾರಾದರೂ ಇದ್ದಾರೋ? ಉತ್ತರವು ಇಂದೇ ಬಾರದೆ ಇರಬಹುದು. ಆದರೆ ಕೇಳಬಹುದಾದ ಬಾಗಿಲು ಇಲ್ಲಿದೆ ಎಂದು ಮಗುವಿಗೆ ತಿಳಿಯುವದು. ಅರಸನ ಮಗಳಿಗೆ ಆ ಬಾಗಿಲು ಸಿಕ್ಕಲಿಲ್ಲ. ನಮ್ಮ ಗುಡಿಸಲಿನ ಮಕ್ಕಳಿಗೆ ಅದು ಸಿಕ್ಕಲಿ.

ಪರಲೋಕದಲ್ಲಿರುವ ತಂದೆಯೇ, ನಮ್ಮ ಬಾಯಿಗೆ ಕಟ್ಟಿದ ನಾಚಿಕೆಯನ್ನು ಬಿಚ್ಚು. ನಮ್ಮ ಕಿವಿಗಳನ್ನು ಚಿಕ್ಕವರ ಮಾತಿಗೆ ತೆರೆ. ನೊಂದ ಮಕ್ಕಳನ್ನು ನಿನ್ನ ಕೈಯಿಂದ ಎತ್ತು. ಅವರಿಗಾಗಿ ಎದ್ದುನಿಲ್ಲುವ ಧೈರ್ಯವನ್ನು ನಮಗೆ ದಯಪಾಲಿಸು. ಆಮೆನ್.